ಹೆಂಡತಿ ದುಡಿಯುತ್ತಾಳೆ ಅಂತ ಗಂಡನ ಅಂಗವಿಕಲ ಪಿಂಚಣಿ ನಿಲ್ಲಬೇಕಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಸ್ವಲ್ಪ ದಿನದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಸರ್ಕಾರದ ಪಿಂಚಣಿ ತಗೊಳ್ಳುವವರಲ್ಲಿ ಅನರ್ಹರು ಜಾಸ್ತಿ ಇದ್ದಾರೆ, ಮನೆಮನೆ ಪರಿಶೀಲನೆ ಮಾಡಿ ಅವರನ್ನೆಲ್ಲ ತೆಗೆಯಬೇಕು ಅಂತ. ಸುಳ್ಳು ದಾಖಲೆ ಕೊಟ್ಟು ತಗೊಳ್ಳುವವರಿದ್ದರೆ ಖಂಡಿತ ತೆಗೆಯಲಿ. ಆದರೆ ನಮ್ಮ ಮನೆಯವರ ಹೆಸರಿನ ಮುಂದೆಯೂ ಈಗ ಅನರ್ಹ ಅಂತ ಬಿದ್ದಿದೆ. ಅದು ಯಾಕೆ ಬಿತ್ತು ಅಂತ ಹೇಳಲಿಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ಕೊನೆಗಾರರು. ಅಡಿಕೆ ಕೊನೆ ಕೊಯ್ಯುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದು ಅವರ ಕೆಲಸ. 2019ರ ಜುಲೈನಲ್ಲಿ ಎರಡನೇ ಸಲದ ಔಷಧಿ ಹೊಡೆಯಲಿಕ್ಕೆ ಹೋಗಿದ್ದರು. ಮಳೆ ಒಂದೆರಡು ಗಂಟೆ ಹೊಳವಾಗಿತ್ತು, ಮರ ಇನ್ನೂ ಒದ್ದೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಜಾರಿದರು. ಜೀವ ಉಳಿಯಿತು, ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಪೂರ್ತಿ ಹೋಯಿತು. ಆಗ ನಮ್ಮ ಮಗಳು ಮೂರನೇ ಕ್ಲಾಸು.

ಮಲೆನಾಡಿನವರಿಗೆ ಇದು ಹೊಸ ಸುದ್ದಿ ಅಲ್ಲ. ಮರದಿಂದ ಬಿದ್ದು ಮಲಗಿದವರು ಸುತ್ತಮುತ್ತಲ ಊರಲ್ಲಿ ಒಬ್ಬರಾದರೂ ಇರುತ್ತಾರೆ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಕೊನೆ ಕೊಯ್ಯುವ ಉದ್ದ ಕೋಲು ಬಂದು ಕೆಲವರು ನೆಲದ ಮೇಲೆ ನಿಂತೇ ಕೊಯ್ಯುತ್ತಾರೆ, ನೋಡಿದಾಗೆಲ್ಲ ಸಮಾಧಾನ ಆಗುತ್ತದೆ. ಆದರೂ ಮರ ಹತ್ತುವವರು ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೆ ಒಂದು ಮಾತು ಹೇಳಬೇಕು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅಂತ ಬ್ಯಾಂಕಿನಲ್ಲಿ ಒಂದು ಅಪಘಾತ ವಿಮೆ ಇದೆ. ವರ್ಷಕ್ಕೆ 20 ರೂಪಾಯಿ. ಎರಡೂ ಕಾಲಿನ ಸ್ವಾಧೀನ ಪೂರ್ತಿ ಹೋದರೆ 2 ಲಕ್ಷ ಬರುತ್ತದೆ. ಇವರು ಬಿದ್ದಾಗ ಅದು ವರ್ಷಕ್ಕೆ 12 ರೂಪಾಯಿ ಇತ್ತು. ನಾವು ಮಾಡಿಸಿರಲಿಲ್ಲ. ಬ್ಯಾಂಕಿಗೆ ಹೋದಾಗ ಯಾರೂ ಹೇಳಿರಲಿಲ್ಲ, ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ತೋಟದ ಯಜಮಾನರು ಇದನ್ನು ಓದುತ್ತಿದ್ದರೆ, ನಿಮ್ಮ ತೋಟಕ್ಕೆ ಬರುವ ಕೊನೆಗಾರರಿಗೆ ಆ 20 ರೂಪಾಯಿ ನೀವೇ ಕಟ್ಟಿಸಿ.

ಪಿಂಚಣಿಯ ವಿಷಯಕ್ಕೆ ಬರುತ್ತೇನೆ.

ಅಂಗವಿಕಲ ಪಿಂಚಣಿ ಬೇಕಾದರೆ ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಬೇಕು. ಕಾರ್ಡ್ ಬೇಕಾದರೆ ವೈದ್ಯರು ನೋಡಿ ಪರ್ಸೆಂಟೇಜ್ ಹಾಕಬೇಕು. ಶೇ 40ರಿಂದ 79ರವರೆಗೆ ಹಳದಿ ಕಾರ್ಡ್, ಶೇ 80 ಮತ್ತು ಮೇಲಿದ್ದರೆ ನೀಲಿ. ಇದನ್ನೆಲ್ಲ ನನಗೆ ತಿಳಿಸಿದ್ದು ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯು., ಅಂದರೆ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿಗೂ ಒಂದು ಕಾಲು ಸರಿಯಿಲ್ಲ. ಸಿಗುವ ಗೌರವಧನ ಕಡಿಮೆ, ಆದರೂ ತ್ರಿಚಕ್ರ ಸ್ಕೂಟರಿನಲ್ಲಿ ಮಳೆಯಲ್ಲಿ ನಮ್ಮ ಮನೆಯವರೆಗೆ ಬಂದು ಅರ್ಜಿ ತುಂಬಿಸಿದರು. 'ಅಕ್ಕಾ, ಒಂದೊಂದು ಕಾಗದಕ್ಕೂ ಮೂರು ಮೂರು ಜೆರಾಕ್ಸ್ ಇಟ್ಕೊಳ್ಳಿ' ಅಂದಿದ್ದರು. ಆ ಮಾತು ಎಷ್ಟು ಸಲ ಕೆಲಸಕ್ಕೆ ಬಂತೋ ಲೆಕ್ಕ ಇಲ್ಲ.

ತಪಾಸಣೆಗೆ ಶಿವಮೊಗ್ಗಕ್ಕೆ ಹೋಗಬೇಕಾಯಿತು. ತೀರ್ಥಹಳ್ಳಿಯಿಂದಲೇ 60 ಕಿಲೋಮೀಟರ್, ನಮ್ಮೂರಿಂದ ಇನ್ನೂ ದೂರ. ಅಂಗವಿಕಲರಿಗೆ ಕೆಎಸ್ಆರ್‌ಟಿಸಿ ರಿಯಾಯಿತಿ ಪಾಸ್ ಇದೆ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಒಳ್ಳೆಯ ಯೋಜನೆ. ಆದರೆ ನಮ್ಮ ಕಡೆ ಒಳಹಳ್ಳಿಗಳಿಗೆ ಬರುವುದೆಲ್ಲ ಪ್ರೈವೇಟ್ ಬಸ್ಸು, ಅದರಲ್ಲಿ ಆ ಪಾಸ್ ನಡೆಯುವುದಿಲ್ಲ. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಹಾಗೇ, ಸರ್ಕಾರಿ ಬಸ್ಸು ಬರುವ ಊರಿಗೆ ಮಾತ್ರ. ಇನ್ನು ಗಾಲಿಕುರ್ಚಿ ಇರುವವರನ್ನು ಯಾವ ಬಸ್ಸಿಗೆ ಹತ್ತಿಸುವುದು? ಓಮ್ನಿ ಬಾಡಿಗೆಗೆ ಮಾಡಿ, ಹಿಂದಿನ ಸೀಟು ಮಡಚಿ, ಹಾಸಿಗೆ ಹಾಕಿ ಮಲಗಿಸಿಕೊಂಡು ಹೋದೆವು. ಬಾಡಿಗೆ 2,500. ಅಲ್ಲಿ ಹೋದರೆ ನೋಡಬೇಕಾದ ಡಾಕ್ಟರ್ ಅವತ್ತು ರಜೆ. ಮುಂದಿನ ವಾರ ಬನ್ನಿ ಅಂದರು. ಮತ್ತೆ 2,500. ಎರಡನೇ ಸಲ ನೋಡಿದರು, ಐದು ನಿಮಿಷವೂ ಆಗಲಿಲ್ಲ. ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುವ ಸ್ಥಿತಿ ಅದು. ಆ ಐದು ನಿಮಿಷಕ್ಕೋಸ್ಕರ ಅವರು ಎರಡು ಸಲ ಹೋಗಿ ಬರುವಷ್ಟು ದಾರಿ ಕುಲುಕಾಟ ತಡೆದುಕೊಂಡರು. ವಾಪಸ್ ಬಂದ ಮೇಲೆ ಬೆನ್ನಿನ ಕೆಳಗೆ ಚರ್ಮ ಕಿತ್ತು ಹುಣ್ಣಾಯಿತು, ಅದು ಮಾಯಲಿಕ್ಕೆ ಎರಡು ತಿಂಗಳು ಬೇಕಾಯಿತು. ಮಲಗಿದಲ್ಲೇ ಇರುವವರ ಮನೆಯಲ್ಲಿ ಈ ಹುಣ್ಣು ಅಂದರೆ ಎಷ್ಟು ಭಯ ಅಂತ ಅನುಭವಿಸಿದವರಿಗೇ ಗೊತ್ತು.

ಕಾರ್ಡ್ ಬಂತು, ನೀಲಿ ಕಾರ್ಡ್. 2021ರ ಕೊನೆಗೆ ಪಿಂಚಣಿ ಶುರುವಾಯಿತು. ತಿಂಗಳಿಗೆ 1,400 ರೂಪಾಯಿ.

ಅದರಲ್ಲಿ ಮನೆ ನಡೆಯುವುದಿಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕ್ಯಾತಿಟರ್, ಯೂರಿನ್ ಬ್ಯಾಗ್, ಡೈಪರ್, ಹುಣ್ಣಿಗೆ ಹಚ್ಚುವ ಮುಲಾಮು, ಇಷ್ಟಕ್ಕೇ ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಹಾಗಾಗಿ 2022ರಲ್ಲಿ ನಾನು ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡೆ. ಈಗ ಸಂಬಳ 9,500. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಅವರನ್ನು ಮಗ್ಗುಲು ಬದಲಿಸಿ, ಬ್ಯಾಗ್ ಖಾಲಿ ಮಾಡಿ, ಮೈ ಒರೆಸಿ, ಹಾಸಿಗೆ ಬದಲಿಸಿ, ಅತ್ತೆಗೆ ಮಾತ್ರೆ ಕೊಟ್ಟು, ಮಗಳ ಡಬ್ಬಿ ಕಟ್ಟಿ, ಎಂಟು ಹತ್ತರ ಬಸ್ಸು ಹಿಡಿಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಹಗಲು ಅತ್ತೆ ಒಬ್ಬರಿಂದ ಆಗುವುದಿಲ್ಲ, ಅವರಿಗೇ ಎಪ್ಪತ್ತು ದಾಟಿದೆ. ಪಕ್ಕದ ಮನೆಯ ಹುಡುಗ ಬಂದು ಕೈ ಕೊಡುತ್ತಾನೆ. ರಾತ್ರಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ನಾನೇ ಏಳುತ್ತೇನೆ. ಅಂಗಡಿ ಯಜಮಾನರು ಒಳ್ಳೆಯವರು, ತುರ್ತು ಅಂದರೆ ಕಳಿಸುತ್ತಾರೆ, ಆದರೆ ಬಾರದ ದಿನದ ಸಂಬಳ ಇಲ್ಲ. ಅದನ್ನು ಕೇಳುವ ಹಕ್ಕೂ ನನಗಿಲ್ಲ.

ಹೋದ ವರ್ಷ ಮಗಳ ಸ್ಕಾಲರ್‌ಶಿಪ್‌ಗೆ ಅಂತ ಹೊಸ ಆದಾಯ ಪ್ರಮಾಣ ಪತ್ರ ಮಾಡಿಸಿದೆ. ಗ್ರಾಮ ಆಡಳಿತ ಅಧಿಕಾರಿ ಕೇಳಿದರು, ನನ್ನ ಸಂಬಳ ಎಷ್ಟೋ ಅಷ್ಟು ಹೇಳಿದೆ. ವರ್ಷಕ್ಕೆ 1,14,000 ಅಂತ ಬರೆದರು. ಸ್ವಲ್ಪ ದಿನ ಕಳೆದು ಪಿಂಚಣಿ ನಿಂತಿತು. ಆಧಾರ್ ಜೋಡಣೆ ತಪ್ಪಿರಬೇಕು ಅಂತ ಬ್ಯಾಂಕಿಗೆ ಹೋದೆ, ಅಲ್ಲಿ ಎಲ್ಲಾ ಸರಿ ಇದೆ ಅಂದರು. ನಾಡಕಚೇರಿಗೆ ಹೋದೆ, ತಾಲ್ಲೂಕು ಕಚೇರಿಗೆ ಹೋಗಿ ಅಂದರು. ತಾಲ್ಲೂಕು ಕಚೇರಿಯಲ್ಲಿ ಎರಡು ಸಲ ಸರ್ವರ್ ಇರಲಿಲ್ಲ. ಕೊನೆಗೆ ಒಬ್ಬರು ಕಂಪ್ಯೂಟರ್ ನೋಡಿ ಹೇಳಿದರು, ಕುಟುಂಬದ ಆದಾಯ 32,000ಕ್ಕಿಂತ ಜಾಸ್ತಿ ಇದೆ, ಅದಕ್ಕೆ ರದ್ದಾಗಿದೆ.

ಆಮೇಲೆ ಅವರೇ ಮೆಲ್ಲಗೆ, ನನ್ನ ಮೇಲೆ ಕನಿಕರದಿಂದಲೇ, ಹೇಳಿದರು: 'ಅಮ್ಮಾ, ನೀವು ಕೆಲಸದ ವಿಷಯ ಹೇಳಬಾರದಿತ್ತು.'

ಸಂಪಾದಕರೇ, ನನಗೆ ಇವತ್ತಿಗೂ ನಿದ್ದೆ ಕೆಡಿಸುವ ಮಾತು ಅದು. ಅವರನ್ನು ಬೈಯುತ್ತಿಲ್ಲ, ಅವರು ನಿಯಮ ಮಾಡಿದವರಲ್ಲ. ಆದರೆ ಒಂದು ನಿಯಮ ಎಂಥದ್ದಿರಬೇಕು, ಅದನ್ನು ಜಾರಿ ಮಾಡುವವರೇ ಸುಳ್ಳು ಹೇಳಿದ್ದರೆ ನಿಮಗೆ ಒಳ್ಳೆಯದಾಗುತ್ತಿತ್ತು ಅನ್ನುವ ಹಾಗೆ?

ವರ್ಷಕ್ಕೆ 32,000 ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ದಿನಕ್ಕೆ 88 ರೂಪಾಯಿಯೂ ಬರುವುದಿಲ್ಲ. ನಾಲ್ಕು ಜನರ ನಮ್ಮಂಥ ಮನೆಗೆ ತಲೆಗೆ 22 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆಗಿನ ಕಾನೂನಿನಲ್ಲಿ ಹೇಳಿದ 100 ದಿನ ಒಬ್ಬರು ಪೂರ್ತಿ ಕೆಲಸ ಮಾಡಿದರೆ 37,000 ಆಗುತ್ತಿತ್ತು. ಅಂದರೆ ಸರ್ಕಾರವೇ ಕರೆದು ಕೊಟ್ಟ ಕೆಲಸ ಪೂರ್ತಿ ಮಾಡಿದರೂ ಸರ್ಕಾರದ ಲೆಕ್ಕದಲ್ಲಿ ಮನೆಯ ಅಂಗವಿಕಲರು ಅನರ್ಹರಾಗುತ್ತಾರೆ. ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿ ವರ್ಷಕ್ಕೆ 1,20,000. ಹಾಗಾಗಿ ನಮ್ಮ ಬಿಪಿಎಲ್ ಕಾರ್ಡ್ ಹಾಗೇ ಇದೆ. ಅಕ್ಕಿ ಕೊಡುವಾಗ ನಾವು ಬಡವರು, ಪಿಂಚಣಿ ಕೊಡುವಾಗ ಅಲ್ಲ. ನನಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಅದಕ್ಕೆ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಲ್ಲದಿದ್ದರೆ ಸಾಕು. ಆ ಹಣ ನಮಗೆ ನಿಜವಾಗಿ ಆಸರೆಯಾಗಿದೆ, ಅದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ. ನಡೆದಾಡುವ ನನಗೆ ಕೊಡುವಾಗ ಇಲ್ಲದ 32,000ದ ಗೆರೆ, ಮಗ್ಗುಲು ಬದಲಿಸಲಿಕ್ಕೂ ಆಗದ ಅವರಿಗೆ ಕೊಡುವಾಗ ಯಾಕೆ?

ಇನ್ನೊಂದು ವಿಷಯ. ನಾನು ಕೆಲಸಕ್ಕೆ ಹೋಗಿದ್ದರಿಂದ ಅವರ ಕಾಲಿಗೆ ಬಲ ಬರಲಿಲ್ಲ. ಖರ್ಚು ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು, ಯಾಕೆಂದರೆ ನಾನಿಲ್ಲದ ಹೊತ್ತಿಗೆ ಇನ್ನೊಬ್ಬರ ಕೈ ಬೇಕು. ಪಕ್ಕದ ಮನೆಯ ಹುಡುಗನಿಗೆ ಬೇಡ ಅಂದರೂ ತಿಂಗಳಿಗೆ ಒಂದಿಷ್ಟು ಕೊಡುತ್ತೇನೆ. ಬಸ್ ಚಾರ್ಜು ಬೇರೆ. ಇದೆಲ್ಲ ಯಾವ ಆದಾಯ ಪ್ರಮಾಣ ಪತ್ರದಲ್ಲೂ ಬರುವುದಿಲ್ಲ. ಬಂದದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ, ಹೋದದ್ದನ್ನು ಕೇಳುವವರಿಲ್ಲ.

ಪಿಂಚಣಿ ನಿಂತ ಮೇಲೆ ನಾನು ಕಚೇರಿಗಳಿಗೆ ಅಲೆದದ್ದು ಒಟ್ಟು ಹನ್ನೊಂದು ದಿನ. ಹನ್ನೊಂದು ದಿನದ ಸಂಬಳ ಸುಮಾರು 4,000 ಹೋಯಿತು. ಕೆಲಸ ಮಾಡುವವರು ಕಚೇರಿಗೆ ಹೋಗಬೇಕಾದರೆ ಕೆಲಸ ಬಿಟ್ಟು ಹೋಗಬೇಕು, ಕಚೇರಿ ತೆರೆಯುವ ಹೊತ್ತೂ ನಮ್ಮ ಕೆಲಸದ ಹೊತ್ತೂ ಒಂದೇ ಅಲ್ವಾ. ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ. ಕಾರ್ಡಿನ ಪರ್ಸೆಂಟೇಜ್ ಹಾಕುವುದು ಆರೋಗ್ಯ ಇಲಾಖೆಯ ವೈದ್ಯರು. ಗಾಲಿಕುರ್ಚಿ, ಸ್ಕೂಟರ್ ಇಂಥದ್ದಕ್ಕೆ ವಿಕಲಚೇತನರ ಇಲಾಖೆ. ಒಂದು ಮನೆಯ ಒಬ್ಬ ಮನುಷ್ಯನಿಗೆ ಮೂರು ಬಾಗಿಲು, ಮೂರೂ ಕಡೆ ಅದೇ ಜೆರಾಕ್ಸ್.

ಒಂದು ದಿನ ರಾತ್ರಿ ನಾನು ಸುಸ್ತಾಗಿ, ಕೆಲಸ ಬಿಟ್ಟುಬಿಡುತ್ತೇನೆ, ಪಿಂಚಣಿಯಾದರೂ ಬರಲಿ ಅಂದೆ. ಇವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ 'ಕೆಲ್ಸ ಬಿಡ್ಬೇಡ ಮಾರಾಯ್ತಿ. ನೀನು ಹೊರಗೆ ಹೋಗಿ ಬರ್ತೀಯಲ್ಲ, ಆ ಸುದ್ದಿ ಕೇಳೋದೇ ನಂಗೆ ದಿನಕ್ಕೊಂದು ಕೆಲ್ಸ' ಅಂದರು. ಅವರ ಹೆಸರಿಗೆ ಬರುತ್ತಿದ್ದ 1,400 ಅವರಿಗೆ ಬರೀ ದುಡ್ಡಾಗಿರಲಿಲ್ಲ. ಪ್ರತಿ ತಿಂಗಳು ಮಗಳ ಕೈಗೆ ಇನ್ನೂರು ಅವರೇ ಕೊಡುತ್ತಿದ್ದರು, ಪುಸ್ತಕಕ್ಕೆ ಅಂತ. ಈಗ ನಾನು ಅವರ ದಿಂಬಿನ ಕೆಳಗೆ ಇನ್ನೂರು ಇಡುತ್ತೇನೆ. ಅವರು ಅದನ್ನು ಅವಳಿಗೆ ಕೊಡುತ್ತಾರೆ. ಆದರೆ ಅದು ಬೇರೆ.

ಕಾನೂನು ಏನು ಹೇಳುತ್ತದೆ ಅಂತ ನಾನೇ ಓದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 24ನೇ ಕಲಂನಲ್ಲಿ, ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು ಬೇರೆಯವರಿಗೆ ಅಂಥದ್ದೇ ಯೋಜನೆಯಲ್ಲಿ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಜಾಸ್ತಿ ಇರಬೇಕು ಅಂತಿದೆ. ನಮ್ಮ ಅತ್ತೆಗೆ ವಯಸ್ಸಾದವರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ 1,200 ಬರುತ್ತದೆ. ಅದಕ್ಕೆ ಶೇ 25 ಸೇರಿಸಿದರೆ 1,500. ಪೂರ್ತಿ ಮಲಗಿದ ಇವರಿಗೆ ಬರುತ್ತಿದ್ದದ್ದು 1,400. ಅಂದರೆ ಬರುತ್ತಿದ್ದಾಗಲೂ ಕಾನೂನಿಗಿಂತ ಕಡಿಮೆಯೇ ಬರುತ್ತಿತ್ತು. ಪಕ್ಕದ ಆಂಧ್ರದಲ್ಲಿ 2024ರ ಜುಲೈಯಿಂದ ಅಂಗವಿಕಲರಿಗೆ ತಿಂಗಳಿಗೆ 6,000, ಪಾರ್ಶ್ವವಾಯು ಆಗಿ ಹಾಸಿಗೆ ಅಥವಾ ಗಾಲಿಕುರ್ಚಿಯಲ್ಲೇ ಇರುವವರಿಗೆ 15,000 ಮಾಡಿದ್ದಾರೆ. ಅಷ್ಟೇ ಕೊಡಿ ಅಂತ ನಾನು ಹಟ ಮಾಡುವುದಿಲ್ಲ. ಕೊಡುತ್ತಿದ್ದ 1,400 ಕಿತ್ತುಕೊಳ್ಳಬೇಡಿ ಅಂತ ಕೇಳುತ್ತಿದ್ದೇನೆ.

ಅದೇ 24ನೇ ಕಲಂನಲ್ಲಿ, ಹೆಚ್ಚಿನ ಆಸರೆ ಬೇಕಾದ ವಿಕಲಚೇತನರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತೂ ಇದೆ. ನಮ್ಮ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಓದಿ ಖುಷಿಯಾಗಿತ್ತು. ಮನೆಯಲ್ಲಿ ನೋಡಿಕೊಳ್ಳುವುದೂ ಒಂದು ದುಡಿಮೆ ಅಂತ ಸರ್ಕಾರ ಒಪ್ಪಿಕೊಂಡಿದ್ದೇ ದೊಡ್ಡದು. ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಅವರಿಗೆ ಸಿಗಲೇಬೇಕು. ಆದರೆ ಬೆನ್ನುಹುರಿ ಮುರಿದವರನ್ನು ಎತ್ತುವ ಕೈಗೂ ಅಷ್ಟೇ ನೋವಾಗುತ್ತದೆ. ಕಾಯಿಲೆಯ ಹೆಸರು ನೋಡುವ ಬದಲು ಆ ಮನುಷ್ಯನಿಗೆ ದಿನಕ್ಕೆ ಎಷ್ಟು ಹೊತ್ತು ಇನ್ನೊಬ್ಬರು ಬೇಕು ಅಂತ ನೋಡಿದರೆ ಸರಿ ಅಲ್ವಾ?

ನನ್ನ ಹಾಗೆ ಮಾಹಿತಿ ಇಲ್ಲದೆ ಅಲೆಯುವವರಿಗೆ ಒಂದೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಕ್ಕಳಿಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಇದೆ, 1 ಲಕ್ಷದವರೆಗೆ. ಅಂಥ ಮಕ್ಕಳಿಗೆ 18 ತುಂಬಿದ ಮೇಲೆ ಕಾನೂನು ಪ್ರಕಾರ ಗಾರ್ಡಿಯನ್ ನೇಮಿಸಲಿಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿ ಇದೆ. ಸಂಬಳದಲ್ಲಿ ತೆರಿಗೆ ಕಟ್ಟುವವರ ಮನೆಯಲ್ಲಿ ಅಂಗವಿಕಲರಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ 75,000, ಶೇ 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಆದಾಯದಲ್ಲಿ ಕಳೆದು ತೋರಿಸಬಹುದು. ಹೊಸ ಪದ್ಧತಿ ಆರಿಸಿಕೊಂಡರೆ ಅದು ಸಿಗುವುದಿಲ್ಲ. ನನ್ನ ಗೆಳತಿಯೊಬ್ಬಳು ಟೀಚರ್, ಗೊತ್ತಿಲ್ಲದೆ ಎರಡು ವರ್ಷ ಬಿಟ್ಟುಕೊಂಡಿದ್ದಳು. ಗ್ರಾಮ ಪಂಚಾಯಿತಿಯ ಅನುದಾನದಲ್ಲಿ ಶೇ 5 ವಿಕಲಚೇತನರಿಗೇ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ನಾನು ಕೇಳಿದ ಮೇಲೆ ನಮಗೆ ಒಂದು ಏರ್ ಬೆಡ್ ಸಿಕ್ಕಿತು. ಕೇಳುವ ಮೊದಲು ಮೂರು ಸಲ ಸುಮ್ನೆ ಕೂತು ಎದ್ದು ಬಂದಿದ್ದೆ.

ನಮ್ಮ ಜಿಲ್ಲೆಯ ಶಾಸಕರು, ಮಂತ್ರಿಗಳು ನಿಮ್ಮ ಪತ್ರಿಕೆ ಓದುತ್ತಾರೆ. ಅವರಲ್ಲಿ ಕೇಳುವುದು ಇದು. 32,000ದ ಮಿತಿಯನ್ನು ಬಿಪಿಎಲ್ ಕಾರ್ಡಿನ ಮಿತಿಗೆ ಸರಿ ಮಾಡಿ. ಅದೂ ಆಗದಿದ್ದರೆ, ಕಡೇ ಪಕ್ಷ ನೀಲಿ ಕಾರ್ಡ್ ಇರುವವರನ್ನು ನೋಡಿಕೊಳ್ಳುವವರ ಸಂಬಳವನ್ನು ಲೆಕ್ಕದಿಂದ ಬಿಡಿ. ಹಾಸಿಗೆ ಹಿಡಿದವರ ತಪಾಸಣೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಿ, ಸಾಧ್ಯವಾದರೆ ಮನೆಗೇ ಬರಲಿ, ಆಶಾ ಕಾರ್ಯಕರ್ತೆಯರು ಈ ಗುಡ್ಡ ಹತ್ತಿ ಬರುತ್ತಾರಲ್ಲ. ಪಿಂಚಣಿ ನಿಲ್ಲಿಸುವ ಮೊದಲು ಒಂದು ಕಾಗದ ಕಳಿಸಿ, ಕಾರಣ ಹೇಳಿ, ಉತ್ತರ ಕೊಡಲಿಕ್ಕೆ ಒಂದು ತಿಂಗಳು ಕೊಡಿ. ನಮಗೆ ನಿಂತದ್ದು ಗೊತ್ತಾಗಿದ್ದು ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ. ಪ್ರೈವೇಟ್ ಬಸ್ಸಿನಲ್ಲೂ ಅಂಗವಿಕಲರ ಪಾಸ್ ನಡೆಯುವ ಹಾಗೆ ಮಾಡಿ, ಆ ಹಣ ಸರ್ಕಾರವೇ ಬಸ್ ಮಾಲೀಕರಿಗೆ ತುಂಬಿಕೊಡಲಿ. ಮಲೆನಾಡಿಗೆ ಇದು ಬಿಟ್ಟರೆ ಬೇರೆ ದಾರಿ ಇಲ್ಲ.

ಓದುಗರಲ್ಲೂ ಒಂದು ವಿನಂತಿ. ಇದೇ ಕಾರಣಕ್ಕೆ ಪಿಂಚಣಿ ನಿಂತವರು ನಿಮ್ಮ ಊರಲ್ಲಿ ಇದ್ದರೆ, ನಿಮ್ಮ ವಿ.ಆರ್.ಡಬ್ಲ್ಯು. ಹತ್ತಿರ ಹೋಗಿ ಹೆಸರು ಬರೆಸಿ. ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಲಿಕ್ಕೆ ಕಾಯ್ದೆಯಲ್ಲೇ ಅವಕಾಶ ಇದೆ. ನಾನು ನನ್ನ ಅರ್ಜಿ ಬರೆದಿಟ್ಟಿದ್ದೇನೆ. ನಾಲ್ಕು ಮನೆಯವರು ಸೇರಿ ಕಳಿಸಿದರೆ ಒಳ್ಳೆಯದು ಅಂತ ಕಾಯುತ್ತಿದ್ದೇನೆ. ಅದರಲ್ಲಿ ನನ್ನ ಸಂಬಳ ಎಷ್ಟೋ ಅಷ್ಟೇ ಬರೆದಿದ್ದೇನೆ, 9,500.

ಹೆಸರು ಹಾಕಬೇಡಿ, ಮಗಳು ಇನ್ನೂ ಶಾಲೆಗೆ ಹೋಗುವವಳು.

ಇತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗಳು